ಬುಟ್ಟಿಯ ತಳದ ಮೀನು

ನಮ್ಮ ಮನೆತನಕ್ಕೆ ಮೀನಿನ ಬಗ್ಗೆ ಗೊತ್ತಿದ್ದದ್ದು ಎರಡೇ ಸಂಗತಿ. ಒಂದು, ಅದು ವಿಷ್ಣುವಿನ ಮೊದಲನೇ ಅವತಾರ. ಎರಡು, ಅದು ನಾರುತ್ತದೆ. ಇಷ್ಟೇ ಬಂಡವಾಳ ಇಟ್ಟುಕೊಂಡು ನಾನು ಎಪ್ಪತ್ತರ ದಶಕದ ಕೊನೆಗೆ ಮದರಾಸಿನಲ್ಲಿ ಕೂತು ಸಮುದ್ರದ ಮೀನುಗಳ ಭವಿಷ್ಯ ಹೇಳಲು ಹೊರಟೆ.

ಜ್ಯೋತಿಷ್ಯದಿಂದಲ್ಲ, ಕಂಪ್ಯೂಟರಿನಿಂದ. ಸಮುದ್ರವನ್ನು ಚದುರಂಗದ ಮಣೆಯ ಹಾಗೆ ಚೌಕ ಚೌಕ ಮಾಡಿಕೊಳ್ಳುವುದು. ಪ್ರತಿ ಚೌಕಕ್ಕೂ ನೀರಿನ ಬಿಸಿ ಇಷ್ಟು, ಸೆಳೆತ ಈ ಕಡೆಗೆ, ಮೀನು ಇಷ್ಟು, ಅದರಲ್ಲಿ ಮರಿ ಎಷ್ಟು, ಮುದುಕ ಎಷ್ಟು ಎಂದು ಅಂಕಿ ಕೊಡುವುದು. ಆಮೇಲೆ ಯಂತ್ರಕ್ಕೆ ‘ಒಂದು ತಿಂಗಳು ಕಳೆಯಿತು’ ಎಂದು ಹೇಳುವುದು. ಅದು ಲೆಕ್ಕ ಹಾಕಿ ಕೆಲವು ಮೀನನ್ನು ಹುಟ್ಟಿಸುತ್ತದೆ, ಕೆಲವನ್ನು ಸಾಯಿಸುತ್ತದೆ, ಕೆಲವನ್ನು ಪಕ್ಕದ ಚೌಕಕ್ಕೆ ಅಟ್ಟುತ್ತದೆ. ಹೀಗೆ ನೂರಿಪ್ಪತ್ತು ಸಲ ಹೇಳಿದರೆ ಹತ್ತು ವರ್ಷ. ಬ್ರಹ್ಮನ ಕೆಲಸವೇ, ಆದರೆ ಫೆಲೋಶಿಪ್ಪಿನ ಮೇಲೆ.

ಆಗ ನನಗೆ ಇಪ್ಪತ್ನಾಲ್ಕು, ಡಾಕ್ಟರೇಟಿಗೆ ಓದುತ್ತಿದ್ದೆ. ಮನೆ ಪೆರಂಬೂರಿನಲ್ಲಿ. ತಾತ ರೈಲ್ವೆ ವರ್ಕ್‌ಶಾಪಿನ ಕೆಲಸಕ್ಕೆಂದು ಬಂದು ಅಲ್ಲೇ ಬೇರು ಬಿಟ್ಟವರು. ಅಪ್ಪ ಪ್ಯಾರೀಸ್ ಕಾರ್ನರಿನ ಒಂದು ವಿಮೆ ಆಫೀಸಿನಲ್ಲಿದ್ದರು. ಯಾವ ವಯಸ್ಸಿನವರು ಎಷ್ಟು ಮಂದಿ ಸಾಯುತ್ತಾರೆ ಎಂಬ ಕೋಷ್ಟಕವನ್ನು ನೋಡಿ ನೋಡಿ ಅವರಿಗೆ ಸಾವೆಂದರೆ ಸಿಟಿ ಬಸ್ಸಿನ ಹಾಗೆ ಆಗಿಬಿಟ್ಟಿತ್ತು. ತಡವಾಗಬಹುದು, ಬರದೆ ಇರುವುದಿಲ್ಲ. ತಮ್ಮ ಆಫೀಸಿನ ಪರೀಕ್ಷೆಗೆ ನನ್ನನ್ನೂ ಕೂರಿಸಿದ್ದರು. ನನ್ನ ಗ್ರಹಚಾರ, ಪಾಸಾಗಿದ್ದೆ. ಆರ್ಡರೂ ಬಂತು.

ಅಪ್ಪ ಜಗಳವಾಡುವವರಲ್ಲ. ಆರ್ಡರನ್ನು ದೇವರ ಮನೆಯ ಗೂಡಿನಲ್ಲಿಟ್ಟು ಹೇಳಿದರು: “ನೋಡಮ್ಮಾ, ಪೊಂಗಲ್ ಕಳೆದ ಮೇಲೆ ಸೇರ್ಕೋಬೇಕು ಅಂತಿದೆ. ಅಷ್ಟೊಳಗೆ ನಿನ್ನ ಫೆಲೋಶಿಪ್ ಮುಂದುವರಿದ್ರೆ ಶರಿ, ಮೀನೇ ಅಳೆದ್ಕೊಂಡಿರು, ನಾನು ಕೇಳಲ್ಲ. ಇಲ್ಲಾಂದ್ರೆ ಬಾಯಿ ಮುಚ್ಕೊಂಡು ನನ್ನ ಜೊತೆ ಆಫೀಸಿಗೆ ಬಾ.” ನ್ಯಾಯವಾದ ಮಾತು. ನನಗೆ ಮಾತ್ರ ಆ ಆಫೀಸು ಬೇಡವಾಗಿತ್ತು. ಚಿಕ್ಕಂದಿನಲ್ಲಿ ಅಪ್ಪನಿಗೆ ಊಟದ ಕ್ಯಾರಿಯರ್ ಕೊಡಲು ಹೋದಾಗ ನೋಡಿದ್ದೆ: ಫ್ಯಾನಿನ ಗಾಳಿಗೆ ಹಾರದಿರಲೆಂದು ಕಾಗದದ ಮೇಲೆ ಕಲ್ಲಿಟ್ಟಿದ್ದರು, ಕುರ್ಚಿಗಳ ಮೇಲೆ ಕೂತ ಮನುಷ್ಯರೂ ಹಾಗೇ ಯಾರೋ ಇಟ್ಟ ಕಲ್ಲುಗಳ ಹಾಗೆ ಕಂಡಿದ್ದರು.

ಇನ್ನು ಪ್ರೋಗ್ರಾಮಿನ ವಿಷಯ. ಅದು ನಾನು ಬರೆದದ್ದಲ್ಲ. ಹಾಗೆ ನೋಡಿದರೆ ಯಾರೊಬ್ಬರೂ ಪೂರ್ತಿ ಬರೆದದ್ದಲ್ಲ. ಬಿಸಿಯಾದ ಕಬ್ಬಿಣದ ತಗಡಿನಲ್ಲಿ ಶಾಖ ಹೇಗೆ ಹರಡುತ್ತದೆ ಎಂದು ತಿಳಿಯಲು ಯಾವುದೋ ದೇಶದಲ್ಲಿ ಯಾರೋ ಬರೆದಿದ್ದರು. ಇನ್ನೊಬ್ಬರು ಶಾಖವನ್ನು ತೆಗೆದು ಆ ಜಾಗಕ್ಕೆ ಸೊಳ್ಳೆಯನ್ನು ಹಾಕಿದರು. ಪುಣೆಯ ಒಬ್ಬ ಪ್ರೊಫೆಸರು ತಗಡನ್ನು ತೆಗೆದು ಕೆರೆ ಮಾಡಿದರು. ನಾನು ಕೇಳಿ ಕಾಗದ ಬರೆದಾಗ ಅವರು ಇಡೀ ಪ್ರೋಗ್ರಾಮನ್ನು ಅಗಲ ಕಾಗದದ ಮೇಲೆ ಅಚ್ಚು ಹಾಕಿಸಿ, ಸೆಣಬಿನ ದಾರ ಕಟ್ಟಿ ಅಂಚೆಗೆ ಹಾಕಿದರು. ಒಂದು ಕಾಸು ಕೇಳಲಿಲ್ಲ. ನಾನು ಅದನ್ನು ನೋಡಿಕೊಂಡು ಸಾಲಿಗೊಂದರಂತೆ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು, ಕೆರೆಯನ್ನು ಸಮುದ್ರ ಮಾಡಿದೆ.

ಅಮ್ಮನಿಗೆ ಇದನ್ನು ವಿವರಿಸಿದಾಗ ಅವಳು ಆಶ್ಚರ್ಯಪಡಲಿಲ್ಲ. “ಹೆಪ್ಪು ಕೇಳಿ ಇಸ್ಕೊಂಡ ಹಾಗೆ,” ಎಂದಳು. ಪಕ್ಕದ ಮನೆಯಿಂದ ಒಂದು ಚಮಚ ಮೊಸರು ತಂದು ಹಾಲಿಗೆ ಹಾಕಿದರೆ ನಮ್ಮನೇಲೂ ಮೊಸರು, ಕೊಟ್ಟವರ ಮನೇಲೂ ಮೊಸರು. “ಆದ್ರೆ ಹುಳಿ ಹೆಪ್ಪು ಕೊಟ್ರೆ ಬೀದಿಯೆಲ್ಲಾ ಹುಳಿ ಮೊಸರೇ, ನೋಡ್ಕೋ,” ಎಂದೂ ಸೇರಿಸಿದಳು. ಈ ಎರಡನೇ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಪ್ರೋಗ್ರಾಮಿನ ತಲೆಯಲ್ಲಿ ಒಂದಷ್ಟು ಕಾರ್ಡುಗಳಿದ್ದವು. ಮೊದಲ ಕಾಲಮ್ಮಿನಲ್ಲಿ ‘ಸಿ’ ಎಂಬ ಅಕ್ಷರ ಹೊಡೆದರೆ ಆ ಕಾರ್ಡನ್ನು ಯಂತ್ರ ಓದದೆ ದಾಟಿಬಿಡುತ್ತದೆ. ಅದು ಮನುಷ್ಯರು ಮನುಷ್ಯರಿಗೆ ಬರೆಯುವ ಮಾತು. ಅಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದ ಕಟ್ಟಳೆಯ ಸಾರ ಇಷ್ಟು: ಇದನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಕೇಳಿದವರಿಗೆ ಕೊಡಬೇಕು. ತಪ್ಪು ಸಿಕ್ಕರೆ ನಿಮಗೆ ಕೊಟ್ಟವರಿಗೂ ನೀವು ಕೊಟ್ಟವರಿಗೂ ತಿಳಿಸಬೇಕು. ತಪ್ಪು ಕಂಡುಹಿಡಿದವರ ಹೆಸರು, ವೃತ್ತಿ, ಊರು ಇಲ್ಲಿ ಬರೆಯಬೇಕು. ಅದರ ಕೆಳಗೆ ಹೆಸರುಗಳ ಪಟ್ಟಿ. ಯಾವ ಕಚೇರಿಯ ಸೀಲೂ ಇಲ್ಲದ ಈ ಕಾನೂನನ್ನು ಎಲ್ಲರೂ ಪಾಲಿಸಿದ್ದರು. ಅದನ್ನು ಓದಿದಾಗ ನನಗೆ ದೊಡ್ಡ ಕುಟುಂಬವೊಂದಕ್ಕೆ ಸೊಸೆಯಾಗಿ ಹೋದಷ್ಟು ಹೆಮ್ಮೆಯಾಯಿತು.

ಪ್ರೋಗ್ರಾಂ ಸಿಕ್ಕಿತು, ಸಮುದ್ರವೂ ಸಿಕ್ಕಿತು. ಮೀನಿನ ಅಳತೆ ಬೇಕಿತ್ತು. ನನ್ನ ಗೈಡು, ಮೂಲತಃ ಭೌತಶಾಸ್ತ್ರದ ಮೇಷ್ಟ್ರು, ಮೀನಿನ ಕಡೆ ಫೆಲೋಶಿಪ್ ಹೆಚ್ಚೆಂದು ಇತ್ತ ಹೊರಳಿದವರು. ಅವರೂ ಶುದ್ಧ ಸಸ್ಯಾಹಾರಿ. “ಕಾಸಿಮೇಡಿಗೆ ಹೋಗಿ ಅಳೆದುಕೊಂಡು ಬಾ,” ಎಂದು ಸುಲಭವಾಗಿ ಹೇಳಿಬಿಟ್ಟರು. ತಾವು ಮಾತ್ರ ಒಂದು ದಿನವೂ ಅತ್ತ ತಲೆ ಹಾಕಲಿಲ್ಲ.

ಕಾಸಿಮೇಡು ಮೀನುಗಾರಿಕೆಯ ಬಂದರು. ಬೆಳಕು ಹರಿಯುವ ಹೊತ್ತಿಗೆ ದೋಣಿಗಳು ಬಂದು, ದಡದ ಮೇಲೆ ಬುಟ್ಟಿ ಸಾಲಿಟ್ಟು ಹರಾಜು ಕೂಗುತ್ತಾರೆ. ಅಲ್ಲಿಗೆ ಹೋಗಲು ಮನೆಯಲ್ಲಿ ಒಪ್ಪಂದವಾಗಬೇಕಾಯಿತು. ಅಮ್ಮ ಒಂದು ಹಳೇ ನೂಲಿನ ಸೀರೆಯನ್ನು ‘ಮೀನು ಸೀರೆ’ ಎಂದು ಹೆಸರಿಟ್ಟು ಹಿತ್ತಲಿನ ಗೂಟಕ್ಕೆ ನೇತುಹಾಕಿದಳು. ಹೋಗುವಾಗ ಅಲ್ಲೇ ಉಡಬೇಕು, ಬಂದಾಗ ಅಲ್ಲೇ ಬಿಚ್ಚಿ ತಲೆಗೆ ನೀರು ಹಾಕಿಸಿಕೊಂಡು ಒಳಗೆ ಬರಬೇಕು. “ನೋಡಿದ್ರೆ ದೋಷ ಇಲ್ಲ. ಮುಟ್ಟಬ್ಯಾಡ, ಅಷ್ಟೆ,” ಎಂದಳು. ಮೀನು ಸೀರೆಗೆ ಒಂದು ಲಾಭವಿತ್ತು: ಹಿಂದಿರುಗುವಾಗ ಬಸ್ಸು ಎಷ್ಟೇ ತುಂಬಿರಲಿ, ನನ್ನ ಪಕ್ಕದ ಸೀಟು ತಾನಾಗಿ ಖಾಲಿಯಾಗುತ್ತಿತ್ತು.

ಮುಟ್ಟದೆ ಅಳೆಯುವುದು ಹೇಗೆ? ಅದಕ್ಕೂ ಉಪಾಯ ಮಾಡಿದೆ. ತಾತ ವರ್ಕ್‌ಶಾಪಿನಲ್ಲಿ ಬಳಸುತ್ತಿದ್ದ ಉಕ್ಕಿನ ಸ್ಕೇಲು ಮನೆಯಲ್ಲಿತ್ತು. ಅದನ್ನು ಬಿದಿರು ಕೋಲಿನ ತುದಿಗೆ ಕಟ್ಟಿ, ಒಂದು ಮಾರು ದೂರ ನಿಂತು, ಬುಟ್ಟಿಯಲ್ಲಿ ಮಲಗಿದ್ದ ಮೀನಿನ ಪಕ್ಕಕ್ಕೆ ಸ್ಕೇಲನ್ನು ಇಳಿಸಿ, ತಲೆಯಿಂದ ಬಾಲಕ್ಕೆ ಎಷ್ಟೆಂದು ಓದಿ ಬರೆದುಕೊಳ್ಳುತ್ತಿದ್ದೆ. ಹನ್ನೊಂದು ತಿಂಗಳು ಹೀಗೆ ಅಳೆದೆ. ಒಂದು ಮೀನನ್ನೂ ಮುಟ್ಟಲಿಲ್ಲ. ಈ ನನ್ನ ಮಡಿ ವಿಜ್ಞಾನದ ಬಗ್ಗೆ ನನಗೆ ಅಹಂಕಾರವೇ ಇತ್ತು.

ಹರಾಜಿನಲ್ಲಿ ಕೊಂಡು ತಲೆಯ ಮೇಲೆ ಹೊತ್ತು ಬೀದಿ ಬೀದಿಗೆ ಮಾರುವ ಹೆಂಗಸರ ಪೈಕಿ ಒಬ್ಬಳು ನನ್ನನ್ನು ಗಮನಿಸುತ್ತಿದ್ದಳು. ಐವತ್ತರ ಆಸುಪಾಸು, ದೊಡ್ಡ ದನಿ, ಬಾಯಲ್ಲಿ ಸದಾ ಎಲೆಯಡಿಕೆ. ನನಗೆ ‘ರಾಯರ ಮನೆ ಹುಡುಗಿ’ ಎಂದು ಹೆಸರಿಟ್ಟವಳು ಅವಳೇ. ನಾನು ಕೋಲು ಇಳಿಸಿದಾಗಲೆಲ್ಲ “ಗಾಳ ಹಾಕ್ತಿದ್ದಾಳೆ ನೋಡ್ರೇ, ಸತ್ತ ಮೀನಿಗೆ!” ಎಂದು ತಮಿಳಿನಲ್ಲಿ ಕೂಗಿ ಎಲ್ಲರನ್ನೂ ನಗಿಸುತ್ತಿದ್ದಳು. ಹರಾಜು ಕೂಗುವ ಮೊದಲು ಆಕೆ ಪ್ರತಿ ಬುಟ್ಟಿಗೂ ಮೊಣಕೈವರೆಗೆ ಕೈ ಹಾಕಿ ಒಂದು ಸುತ್ತು ತಿರುವುತ್ತಿದ್ದಳು. ನಾನು ಅದನ್ನು ಹನ್ನೊಂದು ತಿಂಗಳು ನೋಡಿದೆ. ಅದೇನೋ ಶಾಸ್ತ್ರ ಎಂದುಕೊಂಡೆ.

ಧನುರ್ಮಾಸ ಬರುವ ಹೊತ್ತಿಗೆ ಅಳತೆಗಳೆಲ್ಲ ಕಾರ್ಡಿಗೆ ಏರಿದವು. ಊರಿನ ದಕ್ಷಿಣಕ್ಕೆ ದೊಡ್ಡ ಕಂಪ್ಯೂಟರಿದ್ದ ಒಂದು ಸಂಸ್ಥೆಗೆ ಎರಡು ಬಸ್ಸು ಬದಲಿಸಿ ಹೋಗಿ, ಕಾರ್ಡಿನ ಪೆಟ್ಟಿಗೆಯನ್ನು ಕಿಟಕಿಯಲ್ಲಿ ಕೊಟ್ಟು ಬಂದೆ. ಮರುದಿನ ಉತ್ತರ ಸಿಕ್ಕಿತು. ಮೊದಲ ವರ್ಷ ಮೀನುಗಳು ಚೆನ್ನಾಗಿದ್ದವು. ಎರಡನೇ ವರ್ಷ ಕಡಿಮೆಯಾದವು. ಐದನೇ ವರ್ಷಕ್ಕೆ ಇಡೀ ಸಮುದ್ರದ ಚೌಕಗಳಲ್ಲೆಲ್ಲ ಸೊನ್ನೆ, ಸೊನ್ನೆ, ಸೊನ್ನೆ.

ಗೈಡಿಗೆ ಹಿಡಿಸಲಾರದಷ್ಟು ಸಂತೋಷ. ಕಾಗದವನ್ನು ಮೇಜಿನ ಮೇಲೆ ಹಾಸಿ, ಸೊನ್ನೆಗಳನ್ನು ಮೊಮ್ಮಕ್ಕಳ ಹಾಗೆ ಸವರಿದರು. “ಮೀನು ಇದೆ ಅಂತ ಹೇಳಿದರೆ ಯಾರು ಕೇಳುತ್ತಾರೆ? ಮುಗಿದುಹೋಗುತ್ತದೆ ಅಂತ ಹೇಳು, ಪೇಪರಿನವರೂ ಬರುತ್ತಾರೆ. ನಿನ್ನ ಫೆಲೋಶಿಪ್ಪು ಮುಂದುವರಿದ ಹಾಗೇ ಅಂತ ತಿಳಿ,” ಎಂದರು. ಪೊಂಗಲ್ಲಿಗೆ ಮುಂಚೆ ಒಂದು ಸಭೆಯಿತ್ತು. ಅಲ್ಲಿ ಓದಲು ಪ್ರಬಂಧ ಸಿದ್ಧಮಾಡಿದರು. ಕೊನೆಯ ಸಾಲು, ಕೆಲವು ವರ್ಷ ಬಲೆಗಳನ್ನು ಕಟ್ಟಿಡಬೇಕು ಎಂದು. ನಾನು ಮನೆಗೆ ಬಂದು ದೇವರ ಗೂಡಿನಲ್ಲಿದ್ದ ಆರ್ಡರಿನ ಕಡೆ ನೋಡಿ ಮನಸ್ಸಿನಲ್ಲೇ ಟಾಟಾ ಮಾಡಿದೆ.

ಅಪ್ಪ ಕನ್ನಡಕ ಏರಿಸಿಕೊಂಡು ನನ್ನ ಕೋಷ್ಟಕ ನೋಡಿದರು. ಅದು ಅವರ ಕಸುಬು. ಬಹಳ ಹೊತ್ತು ನೋಡಿ ಹೇಳಿದರು: “ಏನಮ್ಮಾ ಇದು, ಮರೀನೇ ಇಲ್ಲ? ಎಲ್ಲಾರೂ ರಿಟೈರಾಗೋ ವಯಸ್ಸಿನವರೇ ಇದಾರೆ. ಇಂಥಾ ಊರು ನಾನು ನೋಡೇ ಇಲ್ಲ.”

“ಅಪ್ಪಾ, ಮೀನು ನಿಮ್ಮ ಪಾಲಿಸಿದಾರರಲ್ಲ,” ಎಂದೆ.

“ಶರಿ, ಶರಿ. ನನಗೇನು ಗೊತ್ತು,” ಎಂದು ಕಾಗದ ವಾಪಸು ಕೊಟ್ಟರು.

ಎರಡು ದಿನ ಬಿಟ್ಟು, ಬೀಳ್ಕೊಡುಗೆಯ ಠೀವಿಯಲ್ಲಿ ಕಾಸಿಮೇಡಿಗೆ ಹೋದೆ. ಅಳೆಯುವುದು ಮುಗಿದಿತ್ತು, ಜಂಬ ಕೊಚ್ಚಿಕೊಳ್ಳುವುದು ಬಾಕಿಯಿತ್ತು. ಟೀ ಅಂಗಡಿಯ ಬೆಂಚಿನ ಮೇಲೆ ಆ ಹೆಂಗಸು ಕೂತಿದ್ದಳು. ನನ್ನ ಕೈಯ ಉದ್ದ ಕಾಗದ ನೋಡಿ “ಇನ್ನಾಮ್ಮೇ ಇದು, ಜಾತಕವಾ?” ಎಂದಳು. ಹೌದು, ಮೀನಿನ ಜಾತಕ ಎಂದೆ. ಯಂತ್ರ ನಕ್ಷತ್ರದ ಗುರುತುಗಳಲ್ಲಿ ಚಿತ್ರವನ್ನೂ ಅಚ್ಚು ಹಾಕಿತ್ತು. ಒಂದು ನಕ್ಷತ್ರಕ್ಕೆ ಇಷ್ಟು ಮೀನು, ಎಡಗಡೆ ಚಿಕ್ಕವು, ಬಲಗಡೆ ದೊಡ್ಡವು ಎಂದು ತೋರಿಸಿಕೊಟ್ಟೆ. ಬಲಗಡೆ ನಕ್ಷತ್ರಗಳ ಗೋಪುರ. ಎಡಗಡೆ ಬರೀ ಬಿಳಿ ಕಾಗದ.

ಅವಳಿಗೆ ಓದು ಬರುತ್ತಿರಲಿಲ್ಲ, ಆದರೆ ಚಿತ್ರ ಅರ್ಥವಾಗಲು ನನ್ನ ಗೈಡಿಗಿಂತ ಕಡಿಮೆ ಹೊತ್ತು ಸಾಕಾಯಿತು. ಅವಳ ಮದರಾಸು ತಮಿಳನ್ನು ಕನ್ನಡಕ್ಕೆ ಇಳಿಸಿದರೆ ಅರ್ಧ ಖಾರ ಹೋಗುತ್ತದೆ. ಉಳಿದರ್ಧ ಹೀಗಿತ್ತು:

“ಚಿಕ್ಕದು ಎಲ್ಲಿ ಕಣ್ಣೂ?”

“ಇಲ್ಲ. ಅದಕ್ಕೇ ಐದು ವರ್ಷಕ್ಕೆ ಸಮುದ್ರ ಖಾಲಿ.”

“ಯಾರು ಹೇಳಿದ್ದು ಇಲ್ಲ ಅಂತ?”

“ನಾನೇ ಅಳೆದೆನಲ್ಲ.”

“ನೀನು ಮೇಲಿಂದ ಕೋಲು ಆಡಿಸ್ದೆ. ಯಾವ ಮುಂಡೇದು ಬುಟ್ಟಿ ತುಂಬೋವಾಗ ಚಿಕ್ಕದನ್ನ ಮೇಲೆ ಇಡ್ತಾನೆ? ದೊಡ್ಡದು ಮೇಲೆ, ಪೊಡಿ ಮೀನು ತಳಕ್ಕೆ. ಹುಟ್ಟಿದ ಕೂಸಿಗೂ ಗೊತ್ತು. ನಾವೆಲ್ಲಾ ಯಾಕೆ ಕೈ ಹಾಕ್ತೀವಿ, ಒಳಗೆ ದೇವರಿದಾನೆ ಅಂತಲಾ?”

ತರಕಾರಿಯವನು ಕೊಳೆತ ಟೊಮ್ಯಾಟೊ ತಳದಲ್ಲಿಡುತ್ತಾನೆಂದು ನನಗೆ ಗೊತ್ತಿತ್ತು. ಅಮ್ಮ ಪ್ರತಿ ವಾರ ಅವನ ಬುಟ್ಟಿಯನ್ನು ಬುಡಮೇಲು ಮಾಡುತ್ತಿದ್ದುದನ್ನು ನೋಡಿದ್ದೆ. ಆ ಬುದ್ಧಿ ಮೀನಿನ ಬುಟ್ಟಿಯ ಹತ್ತಿರ ಯಾಕೆ ಬರಲಿಲ್ಲವೆಂದರೆ, ಮೀನಿನ ಬುಟ್ಟಿಗೆ ತಳವಿದೆ ಎಂದೇ ನಮ್ಮ ವಂಶದಲ್ಲಿ ಯಾರೂ ಯೋಚಿಸಿರಲಿಲ್ಲ.

“ಈ ಕಾಗದ ಯಾರಿಗೆ ಕೊಡ್ತೀಯ?” ಎಂದಳು. ಸಭೆಯ ವಿಷಯ ಹೇಳಿದೆ. ಬಲೆ ಕಟ್ಟಿಡುವ ಸಾಲನ್ನೂ, ನಾಲಗೆ ತಡೆಯದೆ, ಹೇಳಿಬಿಟ್ಟೆ. ಅವಳು ಎಲೆಯಡಿಕೆ ಉಗಿದು ಎದ್ದು ನಿಂತಳು. ಈ ಸಲ ಕೂಗಲಿಲ್ಲ. “ಬಾ. ಕೈ ಹಾಕು,” ಎಂದಳು.

ಹೊಸದಾಗಿ ಇಳಿಸಿದ ಬುಟ್ಟಿಯೊಂದರ ಮುಂದೆ ಕೂತೆ. ಸುತ್ತ ಜನ ಸೇರಿದರು. ಅವರಿಗೆ ಅಂದಿನ ಹರಾಜಿಗಿಂತ ಇದು ಹೆಚ್ಚು ರುಚಿಯಾಗಿತ್ತು. ಕಣ್ಣು ಮುಚ್ಚಿ, ಹರಿನಾಮ ಹೇಳಿ, ಕೈ ಹಾಕಿದೆ. ತಣ್ಣಗೆ, ಜಾರುಜಾರಾಗಿ, ಮುಳ್ಳು ಮುಳ್ಳಾಗಿ ಏನೇನೋ ತಾಗಿತು. ಮೊಣಕೈ ಮುಳುಗುವಷ್ಟು ಹೋದ ಮೇಲೆ ಬೆರಳಿಗೆ ಬೇರೆಯದೇ ಸಿಕ್ಕಿತು. ಹಿಡಿ ತುಂಬ ತೆಗೆದು ನೋಡಿದೆ. ಬೆರಳುದ್ದದವು, ಬೆರಳಿಗಿಂತ ಚಿಕ್ಕವು, ಒಂದರ ಮೇಲೊಂದು ಬೆಳ್ಳಗೆ ಹೊಳೆಯುತ್ತಿದ್ದವು. ನಾನು ಹನ್ನೊಂದು ತಿಂಗಳು ಇಲ್ಲವೆಂದು ಬರೆದುಕೊಂಡ ಮಕ್ಕಳೆಲ್ಲ ಅಲ್ಲಿದ್ದವು. ನಾಚಿಕೆಯಿಂದಲೋ ಸಂತೋಷದಿಂದಲೋ ನನಗೆ ಅಳು ಬಂತು. ಕಣ್ಣು ಒರೆಸಿಕೊಳ್ಳಲು ಹೋಗಿ ಮೀನಿನ ಕೈಯನ್ನೇ ಮುಖಕ್ಕೆ ಸವರಿಕೊಂಡೆ, ಜನ ಚಪ್ಪಾಳೆ ತಟ್ಟಿದರು.

ಮನೆಗೆ ಬಂದಾಗ ಅಮ್ಮ ಧನುರ್ಮಾಸದ ಹುಗ್ಗಿ ನೈವೇದ್ಯ ಮುಗಿಸಿದ್ದಳು. ಹಿತ್ತಲಿನಲ್ಲಿ ನಿಂತು “ಮುಟ್ಟಿಬಿಟ್ಟೆ ಅಮ್ಮಾ,” ಎಂದೆ. ಅವಳು ತಂಬಿಗೆ ಮೇಲೆ ತಂಬಿಗೆ ನೀರು ಸುರಿದಳು. ಆರನೆಯದೋ ಏಳನೆಯದೋ ತಂಬಿಗೆಗೆ ಕೈ ನಿಲ್ಲಿಸಿದಳು.

“ತಣ್ಣಗಿತ್ತೇನೇ?”

“ಹೂಂ.”

“ಮರಿ ಇತ್ತಾ?”

“ಇತ್ತಮ್ಮ. ಬೇಕಾದಷ್ಟಿತ್ತು.”

“ಸದ್ಯ,” ಎಂದು ಮತ್ತೆ ನೀರು ಸುರಿದಳು. ಆ ದಿನ ಹುಗ್ಗಿಯನ್ನು ಹಿತ್ತಲ ಮೆಟ್ಟಿಲ ಮೇಲೇ ತಿಂದೆ.

ಮುಂದಿನ ನಾಲ್ಕು ದಿನ ಕಾಸಿಮೇಡಿಗೆ ಹೋಗಿ, ಬುಟ್ಟಿಗಳನ್ನು ಬುಡದವರೆಗೆ ಅಳೆದೆ. ಆ ಮೀನು ಮಾರುವವಳು ಪಕ್ಕದಲ್ಲಿ ನಿಂತು, ಬುಟ್ಟಿಯವರು ಗೊಣಗಿದರೆ ಅವರ ಬಾಯಿ ಮುಚ್ಚಿಸಿದಳು. ಹೊಸ ಅಳತೆಗಳನ್ನು ಯಂತ್ರಕ್ಕೆ ಕೊಟ್ಟೆ. ಐದನೇ ವರ್ಷವೂ ಮೀನಿದ್ದವು, ಹತ್ತನೇ ವರ್ಷವೂ ಇದ್ದವು. ಕೆಲವು ತಿಂಗಳು ಕುಗ್ಗಿ, ಮತ್ತೆ ಹಿಗ್ಗಿ, ತಮ್ಮ ಪಾಡಿಗೆ ತಾವು ಸಂಸಾರ ಮಾಡಿಕೊಂಡಿದ್ದವು.

ಗೈಡು ಅದನ್ನು ನೋಡಿ ಕಾಗದ ಮಡಿಸಿ ಡ್ರಾಯರಿಗೆ ಹಾಕಿದರು. “ಪ್ರಬಂಧ ಆಗಲೇ ಹೋಗಿದೆ. ಈಗ ಇದನ್ನೆಲ್ಲ ತೆಗೆಯಬೇಡ. ಫೆಲೋಶಿಪ್ ಆಗಲಿ, ಮುಂದಿನ ವರ್ಷ ನಿಧಾನವಾಗಿ ಒಂದು ತಿದ್ದುಪಡಿ ಹಾಕೋಣ,” ಎಂದರು. ಕೆಟ್ಟ ಮನುಷ್ಯರಲ್ಲ. ನನ್ನ ಒಳ್ಳೆಯದಕ್ಕೂ ಹೇಳಿದರು. ನಾನೂ ಮೂರು ದಿನ ಆ ಮಾತನ್ನು ಒಪ್ಪಿಕೊಂಡೇ ಓಡಾಡಿದೆ. ಯಾರಿಗೆ ಗೊತ್ತಾಗುತ್ತದೆ? ಪೊಂಗಲ್ ಹತ್ತಿರ ಬಂದಿತ್ತು.

ನನ್ನನ್ನು ಕೆಡಿಸಿದ್ದು ಆ ‘ಸಿ’ ಕಾರ್ಡು. ಅಷ್ಟು ಹೊತ್ತಿಗೆ ಆ ಪ್ರೋಗ್ರಾಮನ್ನು, ನನ್ನ ಅಳತೆಗಳ ಸಮೇತ, ಕೇಳಿದ ಇಬ್ಬರಿಗೆ ಕೊಟ್ಟಿದ್ದೆ. ಒಬ್ಬರು ಕೊಚ್ಚಿಯಲ್ಲಿ ಸೀಗಡಿಗೆ ಬಳಸುತ್ತಿದ್ದರು. ಇನ್ನೊಬ್ಬರು ಕಲ್ಕತ್ತದಲ್ಲಿ ಗೋದಾಮಿನ ಅಕ್ಕಿಯ ಹುಳುವಿಗೆ. ನನ್ನ ಹುಳಿ ಹೆಪ್ಪು ಆಗಲೇ ಎರಡು ಮನೆ ಸೇರಿತ್ತು. ಸುಮ್ಮನಿದ್ದರೆ ಸಭೆಗೆ, ಸರಕಾರಕ್ಕೆ ಸುಳ್ಳು ಹೇಳಿದ ಹಾಗೆ. ಅದನ್ನು ಹೇಗೋ ಜೀರ್ಣಿಸಿಕೊಳ್ಳಬಹುದಿತ್ತು. ಆದರೆ ಕಾಸು ಕೇಳದೆ ದಾರ ಕಟ್ಟಿ ಕಳಿಸಿದ ಪುಣೆಯ ಮುದುಕರಿಗೆ ಸುಳ್ಳು ಹೇಳುವುದು ನನ್ನಿಂದ ಆಗಲಿಲ್ಲ.

ಕಾರ್ಡು ಹೊಡೆದೆ. ಅದರ ಅರ್ಥ: ‘ಅಳತೆಗಳು ಬುಟ್ಟಿಯ ಮೇಲ್ಭಾಗದವು ಮಾತ್ರ. ತಪ್ಪು ನನ್ನದು. ಕೈ ಹಾಕಿ ನೋಡಿ.’ ಮುಂದಿನ ಕಾರ್ಡಿನಲ್ಲಿ ಕಟ್ಟಳೆಯ ಪ್ರಕಾರ, ಕಂಡುಹಿಡಿದವರು ಎಂದು ಅವಳ ಹೆಸರು, ಮೀನು ಮಾರುವವರು, ಕಾಸಿಮೇಡು ಎಂದು ಹಾಕಿದೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ; ಅದು ಇರಬೇಕಾದ ಕಡೆ ಇದೆ. ಮೂರು ಊರಿಗೂ ಕಾಗದ ಹಾಕಿದೆ.

ಪುಣೆಯವರು ಆ ಸಭೆಯ ಸಮಿತಿಯಲ್ಲಿದ್ದರೆಂದು ನನಗೆ ಗೊತ್ತಿರಲಿಲ್ಲ. ಪ್ರಬಂಧ ವಾಪಸು ಬಂತು. ಗೈಡು ನನ್ನನ್ನು ಕರೆದು, ಕೂರಲು ಹೇಳದೆ, “ಮೀನು ಮಾರುವವಳ ಹೆಸರು ಪ್ರೋಗ್ರಾಮಿನಲ್ಲಿ! ನನ್ನ ಹೆಸರು ಎಲ್ಲೂ ಇಲ್ಲ!” ಎಂದರು. ನಿಜವಾಗಿ ಅವರಿಗೆ ಯಾವುದರಿಂದ ಹೆಚ್ಚು ನೋವಾಯಿತೆಂದು ಆಗ ತಿಳಿಯಿತು. ಫೆಲೋಶಿಪ್ ನಿಂತಿತು. ಪೊಂಗಲ್ ಕಳೆದ ಸೋಮವಾರ ಅಪ್ಪನ ಜೊತೆ ಬಸ್ಸು ಹತ್ತಿ ಪ್ಯಾರೀಸ್ ಕಾರ್ನರಿಗೆ ಹೋದೆ. ಅಪ್ಪ ದಾರಿಯುದ್ದಕ್ಕೂ ಗೆದ್ದವರ ಹಾಗೆ ಇರಲಿಲ್ಲ. ಇಳಿಯುವಾಗ “ನಾನು ಹೇಳಿದ್ದೆ, ಮರಿ ಇಲ್ಲ ಅಂತ,” ಎಂದಷ್ಟೇ ಅಂದರು. ಆಫೀಸಿನಲ್ಲಿ ಕಲ್ಲು ಹಾಗೇ ಇತ್ತು, ಫ್ಯಾನೂ ಹಾಗೇ ಇತ್ತು. ನಾನು ಕೂತೆ. ಎಷ್ಟೋ ತಿಂಗಳು ಊಟದ ಹೊತ್ತಿಗೆ ಬಾತ್‌ರೂಮಿಗೆ ಹೋಗಿ ಅತ್ತು ಬರುತ್ತಿದ್ದೆ. ಆಮೇಲೆ ಅಭ್ಯಾಸವಾಯಿತು.

ಎಂಬತ್ತರ ದಶಕದ ನಡುವೆ ನಮ್ಮ ಆಫೀಸಿಗೆ ಕಂಪ್ಯೂಟರ್ ಬರುತ್ತದೆಂಬ ಸುದ್ದಿ ಹಬ್ಬಿತು. ಯೂನಿಯನ್ನಿನವರು ಗೇಟಿನ ಮುಂದೆ ಧಿಕ್ಕಾರ ಕೂಗಿಸಿದರು. ನಾನೂ ಕೆಂಪು ಬಾವುಟ ಹಿಡಿದು ಕೂಗಿದೆ. ಆ ಗುಂಪಿನಲ್ಲಿ ಕಂಪ್ಯೂಟರಿನ ಮುಖ ಕಂಡವಳು ನಾನೊಬ್ಬಳೇ. ಹಳೇ ಗಂಡನ ಮೇಲೆ ದೂರು ಹೇಳುವವಳ ಹಾಗೆ ಎಲ್ಲರಿಗಿಂತ ಜೋರಾಗಿ ಕೂಗಿದೆ. ಅವತ್ತು ಸಂಜೆ ಮನೆಗೆ ಬಂದರೆ, ಸೆಣಬಿನ ದಾರ ಕಟ್ಟಿದ ಒಂದು ದಪ್ಪ ಕಟ್ಟು ಕಾದಿತ್ತು.

ಮಂಗಳೂರಿನ ಕಡೆಯ ಒಬ್ಬ ಸಂಶೋಧಕಿ ಕಳಿಸಿದ್ದಳು. ಅವಳು ಅದೇ ಪ್ರೋಗ್ರಾಮನ್ನು ಹೊಳೆಬಾಯಿಯ ಚಿಪ್ಪುಗಳಿಗೆ ಬಳಸುತ್ತಿದ್ದಳಂತೆ. ನೀರಿನ ಸೆಳೆತದ ಭಾಗದಲ್ಲಿ ಒಂದು ತಪ್ಪು ಸಿಕ್ಕಿತಂತೆ. ಕಟ್ಟಳೆಯ ಪ್ರಕಾರ, ಪಟ್ಟಿಯಲ್ಲಿ ವಿಳಾಸ ಸಿಕ್ಕವರಿಗೆಲ್ಲ ತಿಳಿಸುತ್ತಿದ್ದೇನೆ ಎಂದು ಬರೆದಿದ್ದಳು. ನಡುಮನೆಯಲ್ಲಿ ಕಾಗದ ಹಾಸಿಕೊಂಡು ಕೂತೆ. ನನ್ನ ಸಾಲು ಹಾಗೇ ಇತ್ತು: ‘ತಪ್ಪು ನನ್ನದು. ಕೈ ಹಾಕಿ ನೋಡಿ.’ ಅದರ ಕೆಳಗೆ ಕೊಚ್ಚಿಯವರು: ‘ಸೀಗಡಿಯಲ್ಲಿ ನಾನೂ ಇದನ್ನೇ ಮಾಡಿದ್ದೆ. ಕೈ ಹಾಕಿದೆ.’ ಕಲ್ಕತ್ತದವರು: ‘ಚೀಲದ ಬಾಯಿಯ ಅಕ್ಕಿ ಮಾತ್ರ ನೋಡಿದ್ದೆ. ಕೈ ಹಾಕಿದೆ.’ ನನಗೆ ಪರಿಚಯವಿಲ್ಲದ ಇನ್ನಿಬ್ಬರು, ಒಬ್ಬರು ಕೆರೆಯ ಕೆಸರಿಗೆ, ಒಬ್ಬರು ಗೊಬ್ಬರದ ಗುಂಡಿಗೆ: ‘ಕೈ ಹಾಕಿದೆ.’ ಇಡೀ ದೇಶದ ವಿದ್ವಾಂಸರು ಮೊಣಕೈವರೆಗೆ ಹೊಲಸು ಮಾಡಿಕೊಂಡಿದ್ದರು. ಓದುತ್ತಾ ಓದುತ್ತಾ ನನಗೆ ಜೋರಾಗಿ ನಗು ಬಂತು. ಆಮೇಲೆ ಕಂಡುಹಿಡಿದವರ ಸಾಲು ನೋಡಿ ನಗು ನಿಂತಿತು.

ಅವಳ ಹೆಸರಿತ್ತು, ಕಾಸಿಮೇಡೂ ಇತ್ತು. ಮೀನು ಮಾರುವವರು ಎಂಬುದು ಮಾಯವಾಗಿತ್ತು. ದಾರಿಯಲ್ಲಿ ಯಾರೋ ಪುಣ್ಯಾತ್ಮರು, ಇದೆಲ್ಲೋ ಅಚ್ಚಿನ ತಪ್ಪಿರಬೇಕು ಎಂದುಕೊಂಡು, ಹೆಸರಿನ ಹಿಂದೆ ‘ಡಾಕ್ಟರ್’ ಎಂದು ಸೇರಿಸಿಬಿಟ್ಟಿದ್ದರು.

ಭಾನುವಾರ ಬೆಳಿಗ್ಗೆ ಕಾಸಿಮೇಡಿಗೆ ಹೋದೆ. ಮೀನು ಸೀರೆ ಹರಿದು ಎಷ್ಟೋ ಕಾಲವಾಗಿತ್ತು. ಇದ್ದದ್ದನ್ನೇ ಉಟ್ಟು ಹೋದೆ. ಅವಳು ಈಗ ಬುಟ್ಟಿ ಹೊರುತ್ತಿರಲಿಲ್ಲ, ಹರಾಜಿನ ಕಟ್ಟೆಯ ಪಕ್ಕದಲ್ಲೇ ಗೋಣಿ ಹಾಸಿಕೊಂಡು ಮಾರುತ್ತಿದ್ದಳು. ಕಣ್ಣು ಮಂಜಾಗಿತ್ತು, ದನಿ ಮಂಜಾಗಿರಲಿಲ್ಲ. “ರಾಯರ ಮನೆ ಹುಡುಗೀನಾ? ಕೋಲೆಲ್ಲಿ?” ಎಂದಳು.

ಪಕ್ಕದಲ್ಲಿ ಕೂತು ಕಾಗದ ಬಿಚ್ಚಿ, ಒಂದೊಂದೇ ಸಾಲು ತಮಿಳಿನಲ್ಲಿ ಹೇಳಿದೆ. ಕೊಚ್ಚಿ ಎಂದಾಗ ತಲೆಯಾಡಿಸಿದಳು. ಗೊಬ್ಬರದ ಗುಂಡಿ ಎಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕಳು. “ನನ್ನ ಹೆಸರೆಲ್ಲಿ?” ಎಂದು ಕೇಳಿ, ನಾನು ತೋರಿಸಿದ ಕಡೆ ಮೀನಿನ ಬೆರಳು ಊರಿದಳು. ಅಲ್ಲೊಂದು ಒದ್ದೆ ಮಚ್ಚೆಯಾಯಿತು.

“ಇದರ ಹಿಂದೆ ಏನಿದೆ?”

“ಡಾಕ್ಟರ್ ಅಂತಿದೆ.”

ಅವಳು ನನ್ನ ಮುಖ ನೋಡಿದಳು. ತಮಾಷೆ ಮಾಡುತ್ತಿಲ್ಲ ಎಂದು ಗೊತ್ತಾದ ಮೇಲೆ ಕೇಳಿದಳು: “ನೀನು ಬರೆದೆಯಾ?”

“ಇಲ್ಲ. ನಾನು ಮೀನು ಮಾರುವವರು ಅಂತ ಬರೆದಿದ್ದೆ. ಯಾರೋ ತಿದ್ದಿದ್ದಾರೆ. ಗೌರವಕ್ಕೆ ಅಂತ ಇಟ್ಟುಕೋ ಬೇಕಾದ್ರೆ.”

“ಗೌರವವಾ? ಡಾಕ್ಟರ್‌ಗೆ ಮೀನು ಏನು ಗೊತ್ತು? ನಾಳೆ ಯಾರಾದ್ರೂ ಓದಿ, ಯಾರೋ ದೊಡ್ಡೋರು ಹೇಳಿದಾರೆ ಅಂದ್ಕೋತಾರೆ. ಹೇಳಿದ್ದು ನಾನು. ನಲವತ್ತು ವರ್ಷ ಬುಟ್ಟಿಗೆ ಕೈ ಹಾಕಿದ್ದು ನಾನು. ತೆಗೆದುಹಾಕು ಅದನ್ನ. ಮೀನ್‌ಕಾರಿ ಅಂತ ಹಾಕು.”

ನಾನು ಆ ಪದವಿಗಾಗಿ ಹನ್ನೊಂದು ತಿಂಗಳು ಮೀನು ಅಳೆದು, ಆಮೇಲೆ ಏಳೆಂಟು ವರ್ಷ ಅದನ್ನು ನೆನೆದು ಹೊಟ್ಟೆ ಉರಿಸಿಕೊಂಡವಳು. ಈ ಇಡೀ ಪ್ರಕರಣದಲ್ಲಿ ಡಾಕ್ಟರೇಟು ಸಿಕ್ಕಿದ್ದು ಅವಳೊಬ್ಬಳಿಗೆ. ಅದನ್ನೂ ಅವಳು ಕೆಟ್ಟ ಮೀನು ವಾಪಸು ಮಾಡಿದಂತೆ ಮಾಡಿಬಿಟ್ಟಳು. ಬಸ್ಸಿನಲ್ಲಿ ಹಿಂದಿರುಗುವಾಗ ಹೊಟ್ಟೆಯ ಉರಿ ಎಲ್ಲಿ ಹೋಯಿತೆಂದು ಹುಡುಕಿದೆ, ಸಿಗಲಿಲ್ಲ.

ಮಧ್ಯಾಹ್ನವೇ ಮಂಗಳೂರಿಗೆ ಕಾಗದ ಬರೆದೆ, ಪಟ್ಟಿಯಲ್ಲಿದ್ದ ಉಳಿದವರಿಗೂ ನಕಲು ಮಾಡಿದೆ. ನನ್ನ ಹೆಸರಿನ ಮುಂದೆ ವೃತ್ತಿ ಎಂಬಲ್ಲಿ ವಿಮೆ ಆಫೀಸಿನ ಗುಮಾಸ್ತೆ ಎಂದು ಮೊದಲ ಸಲ ನಾಚಿಕೆಯಿಲ್ಲದೆ ಹಾಕಿದೆ. ಒಳಗೆ ಬರೆದದ್ದು ಮೂರೇ ಸಾಲು. ತಪ್ಪು: ಡಾಕ್ಟರ್. ಸರಿ: ಮೀನು ಮಾರುವವರು, ಕಾಸಿಮೇಡು. ತಪ್ಪನ್ನು ಕಂಡುಹಿಡಿದವರು: ಅವರೇ.